ಬಿಸಿಲನ್ನು ದೂರುವ ಮೊದಲು ಪಿನ್ ನೋಡಿ

ಸಿರುಗುಪ್ಪದ ಓದುಗರೇ, ವಿಡಿಯೊ ಎಡಿಟಿಂಗ್ ಶುರು ಮಾಡಿದ ಐದೇ ಸೆಕೆಂಡಿಗೆ ಪ್ರೊಸೆಸರ್ 98 ಡಿಗ್ರಿ ಮುಟ್ಟುತ್ತದೆ, ಬಳ್ಳಾರಿ ಸೀಮೆಯ ಬಿಸಿಲೇ ಕಾರಣವೇ ಎಂದು ಕೇಳಿದ್ದೀರಿ. ಬಿಸಿಲಿನ ಪಾಲು ಇದೆ. ಕೋಣೆ 25ರ ಬದಲು 38 ಡಿಗ್ರಿ ಇದ್ದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ. ಆದರೆ ಧೂಳು, ಗಾಳಿಯ ಕೊರತೆಗಳಿಂದ ಬರುವ ಬಿಸಿ ನಿಮಿಷಗಟ್ಟಲೆ ನಿಧಾನವಾಗಿ ಏರುತ್ತದೆ. ಹೀಗೆ ದಿಢೀರನೆ ಜಿಗಿದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲವೆಂದೇ ನನ್ನ ಅನುಮಾನ.

ನಿಮ್ಮದು ಇಂಟೆಲ್ 12ನೇ ತಲೆಮಾರಿನ ಐ5. ಕುರುಗೋಡಿನ ಅಣ್ಣ ಕೊಟ್ಟ ಕೂಲರ್ 10ನೇ ತಲೆಮಾರಿನದು. ತೊಡಕು ಇಲ್ಲೇ ಇದೆ. ಹಳೆಯ ಬೋರ್ಡಿನಲ್ಲಿ ಕೂಲರ್ ಕೂರಿಸುವ ರಂಧ್ರಗಳ ನಡುವಿನ ಅಂತರ 75 ಮಿ.ಮೀ., ನಿಮ್ಮದರಲ್ಲಿ 78. ಎಳೆದು ಕೂರಿಸಿದರೆ ಒಂದು ಮೂಲೆ ಎದ್ದೇ ಇರುತ್ತದೆ. ದಯವಿಟ್ಟು ನಿಮ್ಮ ಬೋರ್ಡಿನ ಸಾಕೆಟ್ ಆದ ಎಲ್‌ಜಿಎ 1700ಕ್ಕೆ ಹೊಂದುವ ಕೂಲರನ್ನೇ ತನ್ನಿ. ಪ್ರೊಸೆಸರ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ, ಎದುರುಬದುರು ಮೂಲೆಯ ಪಿನ್‌ಗಳನ್ನು ಒಟ್ಟಿಗೆ ಒತ್ತಿ. ಬೋರ್ಡಿನ ಹಿಂಬದಿ ನಾಲ್ಕೂ ತುದಿ ಹೊರಬಂದಿವೆಯೇ ನೋಡುವುದನ್ನು ಮರೆಯಬೇಡಿ.

ಬೇಸಿಗೆ ಮಧ್ಯಾಹ್ನ ಪೂರ್ತಿ ಕೆಲಸ ಕೊಟ್ಟಾಗಲೂ 85ರೊಳಗೆ ನಿಂತರೆ ನಿಶ್ಚಿಂತೆಯಿಂದಿರಿ. 100 ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಿಮ್ಮೂರಿನ ಅಕ್ಕಿ ಗಿರಣಿಗಳ ಹೊಟ್ಟಿನ ಧೂಳನ್ನು ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ.