ಗುರುವಾಗುವ ಬಗೆ

ತಾನು ಬಲ್ಲುದನ್ನು ಪರರಿಗೆ ತಿಳಿಯಪಡಿಸುವುದು ಸುಲಭಸಾಧ್ಯವಾದ ಕಾರ್ಯವಲ್ಲ. ಅದೂ ಒಂದು ವಿದ್ಯೆ. ಆ ವಿದ್ಯೆಯನ್ನು ಕಲಿಸುವುದಕ್ಕಾಗಿಯೇ ಶಿಕ್ಷಣ ಮಹಾವಿದ್ಯಾಲಯಗಳಿವೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವನ್ನು ಸ್ಥಾಪಿಸಿತು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಅದು ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎನಿಸಿಕೊಂಡಿದೆ. ಅಲ್ಲಿನ ನಾಲ್ಕು ವರ್ಷಗಳ ವ್ಯಾಸಂಗದಲ್ಲಿ ವಿಜ್ಞಾನವೂ ಬೋಧನಶಾಸ್ತ್ರವೂ ಜೊತೆಜೊತೆಯಾಗಿ ಸಾಗುತ್ತವೆ.

ಸಂಸ್ಥೆಯ ಅಂಗವಾಗಿ ಒಂದು ಪ್ರಾತ್ಯಕ್ಷಿಕೆ ಶಾಲೆಯೂ ಇದೆ. ಭಾವೀ ಶಿಕ್ಷಕನು ಪಾಠಯೋಜನೆಯನ್ನು ಬರೆದುಕೊಂಡು ತರಗತಿಯನ್ನು ಪ್ರವೇಶಿಸುತ್ತಾನೆ. ಅನುಭವಿಗಳಾದ ಅಧ್ಯಾಪಕರು ಹಿಂದೆ ಕುಳಿತು ಗುಣದೋಷಗಳನ್ನು ಗುರುತಿಸುತ್ತಾರೆ.

ಮೂರನೆಯ ಒಂದು ಭಾಗವು ಅರ್ಧಕ್ಕಿಂತ ದೊಡ್ಡದೆಂದು ಬಾಲಕನೊಬ್ಬನು ಉತ್ತರಿಸಿದನೆನ್ನಿ. ಗದರಿಸಿದರೆ ಅವನು ಮೌನಿಯಾಗುವನು. ಮೂರು ಎರಡಕ್ಕಿಂತ ದೊಡ್ಡದೆಂಬ ಎಣಿಕೆಯೇ ಅವನ ದಾರಿ ತಪ್ಪಿಸಿದೆಯೆಂದು ಅರಿತ ಶಿಕ್ಷಕನು, ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಕೊಟ್ಟು, ಒಂದನ್ನು ಎರಡು ಸಮಭಾಗಗಳಾಗಿಯೂ ಇನ್ನೊಂದನ್ನು ಮೂರು ಸಮಭಾಗಗಳಾಗಿಯೂ ಮಡಿಸಹೇಳುವನು. ಆಗ ಬಾಲಕನು ಸತ್ಯವನ್ನು ತಾನೇ ಕಾಣುವನು.

ಹಿಂದೆ ಒಂದು ವರ್ಷದ್ದಾಗಿದ್ದ ಬಿ.ಎಡ್. ವ್ಯಾಸಂಗವು 2015ರಿಂದ ಎರಡು ವರ್ಷಗಳದಾಗಿ, ಅದರಲ್ಲಿ 20 ವಾರಗಳ ಶಾಲಾನುಭವವನ್ನು ವಿಧಿಸಲಾಯಿತು. ಇಂತಹ ಅಭ್ಯಾಸವು ಅನಾವಶ್ಯಕವೆಂದು ಯಾರೂ ಎಣಿಸಲಾಗದು. ಕೆಟ್ಟ ಪಾಠವನ್ನು ಶಿಕ್ಷಕನು ಮರುದಿನ ತಿದ್ದಿಕೊಳ್ಳಬಲ್ಲನು. ಆದರೆ ಅಂದು ಎಳೆಯ ಮನದಲ್ಲಿ ಹುಟ್ಟಿದ ಅಂಜಿಕೆಯು ಬಹುಕಾಲ ಉಳಿಯಬಹುದು. ಆದುದರಿಂದ ಪಾಠವನ್ನು ಬಲ್ಲವನಷ್ಟೇ ಗುರುವಲ್ಲ. ಮಗುವನ್ನೂ ಬಲ್ಲವನೇ ಗುರು.