ಬೆಳಕಿನ ಹರಳಿಗೆ ತೇವದ ಭಯ

ಸೂರ್ಯನ ಬೆಳಕನ್ನು ನೇರವಾಗಿ ವಿದ್ಯುತ್ತನ್ನಾಗಿ ಮಾರ್ಪಡಿಸುವ ಸಾಧನವೇ ಸೌರಕೋಶ. ಮನೆಗಳ ಮಾಳಿಗೆಯ ಮೇಲೆ ಕಾಣುವ ಸೌರಫಲಕಗಳಲ್ಲಿ ಹೆಚ್ಚಿನವು ಸಿಲಿಕಾನಿನಿಂದಾದವು. ಸಿಲಿಕಾನನ್ನು ಕರಗಿಸಿ ಹರಳಾಗಿಸಲು 1,400 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾದ ಶಾಖ ಬೇಕು. ಪೆರೊವ್‌ಸ್ಕೈಟ್ ಎಂಬ ಹರಳುಗಳಿಗೆ ಈ ತೊಡಕಿಲ್ಲ. ಅವುಗಳ ದ್ರಾವಣವನ್ನು ಗಾಜಿನ ಮೇಲೆ ತೆಳುವಾಗಿ ಹರಡಿ ಸುಮಾರು 100 ಡಿಗ್ರಿಯಲ್ಲಿ ಕಾಯಿಸಿದರೆ, ಬೆಳಕನ್ನು ಹೀರುವ ಕಡುಕಂದು ಪದರವೊಂದು ಸಿದ್ಧವಾಗುತ್ತದೆ.

1839ರಲ್ಲಿ ರಷ್ಯದ ಉರಲ್ ಪರ್ವತಗಳ ಖನಿಜವೊಂದಕ್ಕೆ ಲೆವ್ ಪೆರೊವ್‌ಸ್ಕಿ ಎಂಬವರ ಗೌರವಾರ್ಥವಾಗಿ ಈ ಹೆಸರು ಬಂದಿತು. ಅದರಂತೆಯೇ ರಚನೆಯುಳ್ಳ ಇತರ ಹರಳುಗಳನ್ನೂ ಈಗ ಇದೇ ಹೆಸರಿನಿಂದ ಕರೆಯುತ್ತಾರೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಕ ಮತ್ತು ಸಂಗಡಿಗರು ಇಂತಹ ಹರಳಿನ ಸೌರಕೋಶವನ್ನು ರಚಿಸಿ, ಬೆಳಕಿನ ಶಕ್ತಿಯ ಶೇಕಡ 3.8 ಭಾಗವನ್ನು ವಿದ್ಯುತ್ತಾಗಿಸಿದರು. ಇಂದು ಪ್ರಯೋಗಾಲಯಗಳಲ್ಲಿ ಆ ಪ್ರಮಾಣ ಶೇಕಡ 26ನ್ನು ದಾಟಿದೆ.

ಆದರೆ ಸುಲಭವಾಗಿ ಕೂಡಿದ್ದು ಸುಲಭವಾಗಿಯೇ ಬಿಡಿಬಿಡಿಯಾಗುತ್ತದೆ. ಮಳೆಗಾಲದಲ್ಲಿ ಮುಚ್ಚಳವಿಲ್ಲದ ಭರಣಿಯ ಉಪ್ಪು ನೀರೊಡೆಯುವುದನ್ನು ಎಲ್ಲರೂ ಬಲ್ಲರು. ಈ ಹರಳೂ ಒಂದು ಬಗೆಯ ಲವಣವೇ. ಮೀಥೈಲ್ ಅಮೋನಿಯಂ ಅಯೊಡೈಡ್ ಮತ್ತು ಸೀಸದ ಅಯೊಡೈಡ್ ಸೇರಿ ಇದು ಉಂಟಾಗುತ್ತದೆ. ಗಾಳಿಯ ತೇವವು ಒಳಹೊಕ್ಕಾಗ ಅವುಗಳ ಬಂಧ ಸಡಿಲಗೊಂಡು, ಕೊನೆಗೆ ಹಳದಿಯ ಸೀಸದ ಅಯೊಡೈಡ್ ಉಳಿಯುತ್ತದೆ. ಕಂದು ಹಳದಿಯಾಯಿತೆಂದರೆ ಕೋಶವು ಕೆಟ್ಟಿತೆಂದೇ ಅರ್ಥ. ಸೀಸವು ವಿಷವಸ್ತುವಾದುದರಿಂದ, ಒಡೆದ ಫಲಕದಿಂದ ಅದು ಮಳೆನೀರಿನೊಡನೆ ಮಣ್ಣಿಗಿಳಿಯುವ ಅಪಾಯವೂ ಇದೆ.

ಆದಕಾರಣ ವಿಜ್ಞಾನಿಗಳು ಒಳಗಿನಿಂದಲೂ ಹೊರಗಿನಿಂದಲೂ ರಕ್ಷಣೆಯನ್ನು ಯೋಜಿಸಿದ್ದಾರೆ. ಹರಳಿನ ಮೈಮೇಲೆ ಉದ್ದನೆಯ ಇಂಗಾಲದ ಸರಪಳಿಗಳುಳ್ಳ ಅಣುಗಳ ಪದರವನ್ನು ಬೆಳೆಸುವುದು ಒಳಗಿನ ರಕ್ಷಣೆ. ಕೆಸುವಿನ ಎಲೆಯ ಮೇಲೆ ಹನಿ ನಿಲ್ಲದಂತೆ, ಈ ಪದರಕ್ಕೂ ನೀರು ಅಂಟದು. ಇಡೀ ಕೋಶವನ್ನು ಎರಡು ಗಾಜುಗಳ ನಡುವೆ ಇರಿಸಿ, ಅಂಚುಗಳನ್ನು ಬ್ಯುಟೈಲ್ ರಬ್ಬರಿನಿಂದ ಮುಚ್ಚುವುದು ಹೊರಗಿನ ರಕ್ಷಣೆ. ಸೈಕಲ್ಲಿನ ಟ್ಯೂಬಿನಲ್ಲಿ ಗಾಳಿಯನ್ನು ಹಿಡಿದಿಡುವ ರಬ್ಬರೇ ಇಲ್ಲಿ ತೇವವನ್ನು ತಡೆಯುತ್ತದೆ.

ಈ ರಕ್ಷಣೆಗೆ ಕಠಿಣ ಪರೀಕ್ಷೆಯೂ ಉಂಟು. 85 ಡಿಗ್ರಿ ಶಾಖ ಹಾಗೂ ಶೇಕಡ 85ರ ತೇವಾಂಶವುಳ್ಳ ಪೆಟ್ಟಿಗೆಯಲ್ಲಿ ಫಲಕವು 1,000 ಗಂಟೆಗಳ ಕಾಲ ಬಾಳಬೇಕು. ಇದರಲ್ಲಿ ಗೆದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಿಲಿಕಾನಿನ ಫಲಕಗಳು ಬಿಸಿಲು ಮಳೆಗಳಲ್ಲಿ ಇಪ್ಪತ್ತೈದು ವರ್ಷ ದುಡಿಯುತ್ತವೆ. ಹೆಚ್ಚು ಬೆಳಕನ್ನು ಹಿಡಿಯುವುದಷ್ಟೇ ಸಾಲದು, ಬಹುಕಾಲ ಹಿಡಿಯುವುದೂ ಬೇಕು. ಹೊಸ ಹರಳು ಈ ಎರಡನೆಯ ಗುಣವನ್ನು ಪಡೆದಂದೇ ಅದು ಪ್ರಯೋಗಾಲಯದಿಂದ ಬಡವನ ಮಾಳಿಗೆಗೆ ಬಂದೀತು.