ದಂತಚಿಕಿತ್ಸೆಯ ಭಯ ಮತ್ತು ಸೆಡೇಶನ್: ಒಂದು ಅನುಭವದ ವಿವೇಚನೆ

ಹಲ್ಲಿನ ವೈದ್ಯರ ಬಳಿಗೆ ಹೋಗಲು ಅಂಜುವವರನ್ನು ಮನೆಯವರು ಪುಕ್ಕಲರೆನ್ನುವುದೂ, ಅಂಜುವವರು ಆ ಮಾತಿಗೆ ನಾಚಿ ನೋವನ್ನು ಮುಚ್ಚಿಟ್ಟುಕೊಳ್ಳುವುದೂ ಕನ್ನಡ ನಾಡಿನ ಮನೆಗಳಲ್ಲಿ ಅಪರೂಪವಲ್ಲ. ವೈದ್ಯಶಾಸ್ತ್ರವು ಈ ಭಯವನ್ನು ಸ್ವಭಾವದ ಕುಂದೆಂದು ಎಣಿಸದೆ, ಅಳೆಯಬಹುದಾದ ಹಾಗೂ ಚಿಕಿತ್ಸೆಗೆ ಬಗ್ಗುವ ಸ್ಥಿತಿಯೆಂದು ಪರಿಗಣಿಸಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಅಮೆರಿಕದ ನಾರ್ಮನ್ ಕೋರಾ 1969ರಲ್ಲಿ ನಾಲ್ಕು ಪ್ರಶ್ನೆಗಳ ಅಳತೆಪಟ್ಟಿಯೊಂದನ್ನು ಪ್ರಕಟಿಸಿದರು. 1995ರಲ್ಲಿ ಬ್ರಿಟನ್ನಿನ ಜೆರಾಲ್ಡ್ ಹಂಫ್ರಿಸ್ ಮತ್ತು ಸಂಗಡಿಗರು ಅದಕ್ಕೆ ಇಂಜೆಕ್ಷನ್ನಿನ ಕುರಿತ ಐದನೆಯ ಪ್ರಶ್ನೆಯನ್ನು ಸೇರಿಸಿದರು. ಚಿಕಿತ್ಸೆಯ ಹಿಂದಿನ ದಿನ, ಕಾಯುವ ಕೋಣೆ, ಡ್ರಿಲ್ಲಿನ ನಿರೀಕ್ಷೆ, ಹಲ್ಲು ಶುಚಿಗೊಳಿಸುವ ಹೊತ್ತು ಮತ್ತು ಸೂಜಿ ಎಂಬ ಐದು ಸಂದರ್ಭಗಳಲ್ಲಿ ಉಂಟಾಗುವ ಆತಂಕಕ್ಕೆ ರೋಗಿಯೇ ಅಂಕ ಕೊಡುವ ಈ ಪಟ್ಟಿಯಲ್ಲಿ ಒಟ್ಟು ಅಂಕ 5ರಿಂದ 25ರವರೆಗೆ ಇರುತ್ತದೆ. 19 ಅಥವಾ ಅದಕ್ಕಿಂತ ಹೆಚ್ಚು ಬಂದವರ ಭಯವನ್ನು ತೀವ್ರವೆಂದು ಗಣಿಸಲಾಗುತ್ತದೆ. ಪ್ರಸ್ತುತ ಲೇಖಕಿ ಆ ಕೊನೆಯ ವರ್ಗಕ್ಕೆ ಸೇರಿದ್ದವರು. ಸೆಡೇಶನ್ನಿನ, ಅಂದರೆ ಔಷಧದ ನೆರವಿನಿಂದ ಮನಸ್ಸನ್ನು ಶಾಂತಗೊಳಿಸಿ ಚಿಕಿತ್ಸೆ ನೀಡುವ ವಿಧಾನದ, ಬೇರೆ ಬೇರೆ ರೂಪಗಳ ಮೂಲಕ ಅವರು ಸಾಮಾನ್ಯ ದಂತಚಿಕಿತ್ಸೆಗೆ ಮರಳಿದ ಅನುಭವವನ್ನು ಆಧರಿಸಿ, ಆ ವಿಧಾನಗಳು ಏನನ್ನು ಮಾಡಬಲ್ಲವು, ಏನನ್ನು ಮಾಡಲಾರವು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಭಯಕ್ಕೊಂದು ಕಾರಣವಿರುತ್ತದೆ

ಲೇಖಕಿಯ ಭಯದ ಮೂಲ ಬಾಲ್ಯದಲ್ಲಿ ಕೀವುಗಟ್ಟಿದ ದವಡೆಹಲ್ಲೊಂದನ್ನು, ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯದೆಯೇ, ಕೈಕಾಲು ಹಿಡಿದು ಕಿತ್ತ ಘಟನೆಯಲ್ಲಿತ್ತು. ಆ ನೋವು ಕಲ್ಪನೆಯಲ್ಲ, ಅದಕ್ಕೆ ರಾಸಾಯನಿಕ ಕಾರಣವಿತ್ತು ಎಂಬುದು ಅವರಿಗೆ ತಿಳಿದದ್ದು ಬಹುಕಾಲದ ನಂತರ. ಭಾರತದ ದಂತಚಿಕಿತ್ಸಾಲಯಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಸ್ಥಳೀಯ ಅರಿವಳಿಕೆ ಲಿಗ್ನೋಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಇದನ್ನು ಸಂಶ್ಲೇಷಿಸಿದರು. ಇದರ ಅಣುಗಳು ನರದ ಹೊರಪೊರೆಯನ್ನು ದಾಟಬೇಕಾದರೆ ವಿದ್ಯುದಾವೇಶವಿಲ್ಲದ ರೂಪದಲ್ಲಿರಬೇಕು. ಸೋಂಕಾದ ಅಂಗಾಂಶವು ಆಮ್ಲೀಯವಾಗಿರುವುದರಿಂದ ಅಲ್ಲಿ ಹೆಚ್ಚಿನ ಅಣುಗಳು ಆವೇಶವುಳ್ಳ ರೂಪಕ್ಕೆ ತಿರುಗಿ ಹೊರಗೇ ಉಳಿಯುತ್ತವೆ, ಹಾಗಾಗಿ ಮದ್ದು ಹಾಕಿದರೂ ನೋವು ಉಳಿಯುತ್ತದೆ. ಕೀವನ್ನು ಮೊದಲು ಹೊರಹಾಕುವುದು, ಸೋಂಕಿನ ಜಾಗದಿಂದ ದೂರದಲ್ಲಿ ನರದ ಬುಡಕ್ಕೇ ಇಂಜೆಕ್ಷನ್ ಕೊಡುವುದು, ಸಾಲದಿದ್ದರೆ ಹಲ್ಲನ್ನು ಎಲುಬಿಗೆ ಬಂಧಿಸುವ ತಂತುಗಳಿಗೆ ಪೂರಕ ಇಂಜೆಕ್ಷನ್ ಕೊಡುವುದು ಇಂಥ ಸಂದರ್ಭಗಳಿಗೆ ಇರುವ ಮಾರ್ಗಗಳು. ಇಷ್ಟನ್ನು ತಾಳ್ಮೆಯಿಂದ ವಿವರಿಸಿದ ವೈದ್ಯೆಯೊಬ್ಬರ ಮಾತು ಲೇಖಕಿಯ ಮೇಲೆ ಯಾವ ಸಮಾಧಾನದ ನುಡಿಗಿಂತಲೂ ಹೆಚ್ಚಿನ ಪರಿಣಾಮ ಬೀರಿತು, ಏಕೆಂದರೆ ತಡಮಾಡಿ ಹೋದಷ್ಟೂ ಮದ್ದು ಹಿಡಿಯುವುದು ಕಷ್ಟ, ಬೇಗ ಹೋದರೆ ನೋವಿಲ್ಲದ ಚಿಕಿತ್ಸೆ ಸುಲಭ ಎಂಬ ತರ್ಕ ಅದರಿಂದ ಸ್ಪಷ್ಟವಾಯಿತು.

ಭಯದಿಂದ ದೂರ ಉಳಿಯುವುದು, ಅದರಿಂದ ಹುಳುಕು ಹೆಚ್ಚುವುದು, ಕಡೆಗೆ ತಾಳಲಾರದೆ ಹೋದಾಗ ದೊಡ್ಡ ಚಿಕಿತ್ಸೆಯೇ ಬೇಕಾಗಿ ಭಯ ನಿಜವಾಯಿತೆಂದು ಅನ್ನಿಸುವುದು, ಜೊತೆಗೆ ಕೆಟ್ಟ ಹಲ್ಲುಗಳನ್ನು ತೋರಿಸುವ ನಾಚಿಕೆ ಸೇರಿ ಮತ್ತೆ ದೂರ ಸರಿಯುವುದು: ಈ ವಿಷಚಕ್ರವನ್ನು ಸ್ವೀಡನ್ನಿನ ಉಲ್ಫ್ ಬರ್ಗ್ರೆನ್ 1984ರಲ್ಲಿ ವಿವರಿಸಿದ್ದಾರೆ. ಲವಂಗದ ಎಣ್ಣೆ ಅದ್ದಿದ ಹತ್ತಿಯನ್ನು ಹಲ್ಲಿನ ಕುಳಿಗೆ ಇಟ್ಟು, ನೋವಿನ ಮಾತ್ರೆ ನುಂಗಿ, ಒಂದೇ ಕಡೆಯಿಂದ ಅಗಿಯುತ್ತ ಲೇಖಕಿ ವರ್ಷಗಳನ್ನು ದೂಡಿದ್ದು ಈ ಚಕ್ರದೊಳಗೇ. ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶ ನೋವನ್ನು ತುಸು ಹೊತ್ತು ತಗ್ಗಿಸುವುದು ನಿಜವಾದರೂ ಒಳಗಿನ ಸೋಂಕನ್ನು ಅದು ತಡೆಯಲಾರದು. ಮೇಲ್ದವಡೆಯ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಮಂದವಾಗುತ್ತದೆಂಬ, ಯಾವ ಆಧಾರವೂ ಇಲ್ಲದ ನಂಬಿಕೆಯೂ ಈ ವಿಳಂಬಕ್ಕೆ ನೆಪವಾಗಿತ್ತು.

ಮಂಪರಿನ ಮಟ್ಟಗಳು

ಸೆಡೇಶನ್ ಎಂದರೆ ಪ್ರಜ್ಞೆ ತಪ್ಪಿಸುವುದು ಎಂಬ ಗ್ರಹಿಕೆ ವ್ಯಾಪಕವಾಗಿದೆ. ವಸ್ತುತಃ ಅರಿವಳಿಕೆ ತಜ್ಞರು ಇದನ್ನು ಅನುಕ್ರಮವಾಗಿ ಏರುವ ಮಟ್ಟಗಳಾಗಿ ವಿಂಗಡಿಸುತ್ತಾರೆ. ಕನಿಷ್ಠ ಮಟ್ಟದಲ್ಲಿ ಆತಂಕವಷ್ಟೇ ತಗ್ಗಿ ರೋಗಿ ಸಹಜವಾಗಿ ಮಾತನಾಡುತ್ತಾನೆ; ಮಧ್ಯಮ ಮಟ್ಟದಲ್ಲಿ ಮಂಪರು ಕವಿದಿದ್ದರೂ ಕರೆದರೆ ಅಥವಾ ಮೆಲ್ಲಗೆ ತಟ್ಟಿದರೆ ಪ್ರತಿಕ್ರಿಯಿಸುತ್ತಾನೆ, ಉಸಿರಾಟ ತಾನಾಗಿಯೇ ಸಾಗುತ್ತದೆ; ಆಳವಾದ ಮಟ್ಟದಲ್ಲಿ ಸುಲಭವಾಗಿ ಎಚ್ಚರಗೊಳ್ಳದೆ ಉಸಿರಾಟಕ್ಕೆ ನೆರವು ಬೇಕಾಗಬಹುದು; ಪೂರ್ಣ ಅರಿವಳಿಕೆಯಲ್ಲಿ ನೋವು ಕೊಟ್ಟರೂ ಎಚ್ಚರಿಸಲಾಗದು. ದಂತಚಿಕಿತ್ಸಾಲಯದಲ್ಲಿ ಬಹುತೇಕ ಬಳಕೆಯಾಗುವುದು ಮೊದಲ ಎರಡು ಮಟ್ಟಗಳು ಮಾತ್ರ.

ಎರಡನೆಯ ಮುಖ್ಯ ಸಂಗತಿಯೆಂದರೆ, ಈ ಮಟ್ಟಗಳಲ್ಲಿ ಸೆಡೇಶನ್ ಭಯವನ್ನು ತಗ್ಗಿಸುತ್ತದೆ, ಆದರೆ ಹಲ್ಲಿನ ನೋವನ್ನು ತಡೆಯುವ ಕೆಲಸಕ್ಕೆ ಸ್ಥಳೀಯ ಅರಿವಳಿಕೆ ಬೇಕೇ ಬೇಕು. ಸೂಜಿಗೆ ಹೆದರುವವರಿಗೆ ಒಸಡಿನ ಮೇಲೆ ಮೊದಲು ಮರಗಟ್ಟಿಸುವ ಜೆಲ್ ಹಚ್ಚಿ, ಕೆಲವು ನಿಮಿಷ ಕಾದು, ಮದ್ದನ್ನು ಬಹಳ ನಿಧಾನವಾಗಿ ಒಳಬಿಟ್ಟರೆ ಚುಚ್ಚಿದ ಅರಿವು ಗಣನೀಯವಾಗಿ ಕಡಿಮೆಯಾಗುತ್ತದೆ. ಲಿಗ್ನೋಕೇನಿನ ಜೊತೆಗೆ ಅದರ ಪರಿಣಾಮವನ್ನು ಹೆಚ್ಚು ಹೊತ್ತು ನಿಲ್ಲಿಸಲು ಸ್ವಲ್ಪ ಅಡ್ರಿನಲಿನ್ ಸೇರಿಸಿರುತ್ತಾರೆ; ಇದರಿಂದ ಕೆಲವರಿಗೆ ಒಂದೆರಡು ನಿಮಿಷ ಎದೆ ಹೊಡೆದುಕೊಳ್ಳುತ್ತದೆ. ಮೊದಲೇ ತಿಳಿಯದಿದ್ದರೆ ರೋಗಿ ಅದನ್ನು ಅಪಾಯದ ಸೂಚನೆಯೆಂದೇ ಓದಿಕೊಳ್ಳುತ್ತಾನೆ. ಲೇಖಕಿಯ ವಿಷಯದಲ್ಲಿ ಈ ಒಂದು ಮುನ್ಸೂಚನೆ ಅರ್ಧ ಆತಂಕವನ್ನು ಕಳೆಯಿತು.

ಮೂಗಿನ ಮೂಲಕ ಅನಿಲ

ದಂತಚಿಕಿತ್ಸೆ ಮತ್ತು ಅರಿವಳಿಕೆಯ ನಂಟು ಹಳೆಯದು. ನೈಟ್ರಸ್ ಆಕ್ಸೈಡ್ ನೋವನ್ನು ಮರೆಸಬಲ್ಲದು, ಶಸ್ತ್ರಚಿಕಿತ್ಸೆಗೆ ಉಪಯೋಗಕ್ಕೆ ಬಂದೀತು ಎಂದು ಹಂಫ್ರಿ ಡೇವಿ 1800ರಲ್ಲೇ ಬರೆದಿದ್ದರೂ, ಅದನ್ನು ಪ್ರಯೋಗಕ್ಕೆ ತಂದವರು ಅಮೆರಿಕದ ಹಾರ್ಟ್‌ಫರ್ಡಿನ ದಂತವೈದ್ಯ ಹೊರೇಸ್ ವೆಲ್ಸ್. 1844ರ ಡಿಸೆಂಬರ್ 11ರಂದು ಅವರು ಈ ಅನಿಲವನ್ನು ಸೇವಿಸಿ ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. ಈಗಿನ ವಿಧಾನದಲ್ಲಿ ಅನಿಲವನ್ನು ಆಮ್ಲಜನಕದೊಂದಿಗೆ ಬೆರೆಸಿ ಮೂಗಿನ ಮೇಲಿಡುವ ಮೃದುವಾದ ಮಾಸ್ಕಿನ ಮೂಲಕ ಕೊಡುತ್ತಾರೆ. ಮೊದಲು ಶುದ್ಧ ಆಮ್ಲಜನಕ, ಬಳಿಕ ಹಂತಹಂತವಾಗಿ ಅನಿಲವನ್ನು ಹೆಚ್ಚಿಸಿ ರೋಗಿಗೆ ಹಿತವೆನಿಸುವ ಪ್ರಮಾಣದಲ್ಲಿ ನಿಲ್ಲಿಸುತ್ತಾರೆ. ಅದು ಸಾಮಾನ್ಯವಾಗಿ ಶೇಕಡ 50ನ್ನು ಮೀರುವುದಿಲ್ಲ. ಆಮ್ಲಜನಕ ಶೇಕಡ 30ಕ್ಕಿಂತ ಕೆಳಗಿಳಿಯದಂತೆ ಯಂತ್ರದಲ್ಲೇ ತಡೆ ಇರುತ್ತದೆ. ಕೊನೆಗೆ ಮತ್ತೆ ಸುಮಾರು ಐದು ನಿಮಿಷ ಶುದ್ಧ ಆಮ್ಲಜನಕ ಕೊಟ್ಟರೆ ಅನಿಲವೆಲ್ಲ ಉಸಿರಿನಲ್ಲೇ ಹೊರಹೋಗುತ್ತದೆ.

ಲೇಖಕಿಗೆ ಬೆರಳ ತುದಿಗಳಲ್ಲಿ ಜುಮುಜುಮು, ಕೈಕಾಲುಗಳಲ್ಲಿ ಬೆಚ್ಚನೆಯ ಸಡಿಲತೆ ಉಂಟಾಗಿ, ಡ್ರಿಲ್ಲಿನ ಸದ್ದು ಕೇಳಿಸುತ್ತಿದ್ದರೂ ಅದಕ್ಕೆ ಮೈ ಬಿಗಿಯುವುದು ನಿಂತಿತು. ಇದಕ್ಕಿಂತ ಮಹತ್ವದ್ದು, ಎಡಗೈ ಎತ್ತಿದರೆ ತಕ್ಷಣ ಕೆಲಸ ನಿಲ್ಲುತ್ತದೆಂದು ವೈದ್ಯೆ ಮೊದಲೇ ಮಾಡಿಕೊಂಡಿದ್ದ ಒಪ್ಪಂದ. ಬಾಲ್ಯದ ಘಟನೆಯಲ್ಲಿ ನೋವಿನಷ್ಟೇ ಹಾನಿ ಮಾಡಿದ್ದು ನಿಲ್ಲಿಸೆಂದರೂ ಯಾರೂ ನಿಲ್ಲಿಸದ ಅಸಹಾಯಕತೆ. ಕೈ ಎತ್ತಿದಾಗ ನಿಜವಾಗಿ ನಿಂತ ಡ್ರಿಲ್ಲು ಆ ಅಸಹಾಯಕತೆಗೆ ನೇರವಾದ ಉತ್ತರವಾಯಿತು.

ಈ ಅನಿಲ ಎಲ್ಲರಿಗೂ ಒಗ್ಗುವುದಿಲ್ಲ. ಮೂಗು ಕಟ್ಟಿದ್ದರೆ ಫಲವಿಲ್ಲ. ಗರ್ಭಿಣಿಯರಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ತೀವ್ರ ಶ್ವಾಸಕೋಶದ ಕಾಯಿಲೆಯುಳ್ಳವರಿಗೆ, ಇತ್ತೀಚೆಗೆ ಕಣ್ಣೊಳಗೆ ಅನಿಲ ತುಂಬಿಸುವ ಶಸ್ತ್ರಚಿಕಿತ್ಸೆಯಾದವರಿಗೆ ಕೊಡುವುದಿಲ್ಲ. ನೈಟ್ರಸ್ ಆಕ್ಸೈಡ್ ವಿಟಮಿನ್ ಬಿ12ರ ಕಾರ್ಯವನ್ನು ಕುಂಠಿತಗೊಳಿಸುವುದರಿಂದ, ಈ ವಿಟಮಿನ್ನಿನ ಕೊರತೆ ಇರುವ ಸಾಧ್ಯತೆಯುಳ್ಳ ಸಸ್ಯಾಹಾರಿಗಳು ಆ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳುವುದು ಒಳ್ಳೆಯದು.

ಮಾತ್ರೆ ಮತ್ತು ರಕ್ತನಾಳದ ಮೂಲಕ ಔಷಧ

ಡಯಾಜೆಪಾಮ್, ಆಲ್ಪ್ರಜೋಲಾಮ್‌ನಂಥ ಮಾತ್ರೆಗಳನ್ನು ಚಿಕಿತ್ಸೆಗೆ ಮುನ್ನ ಕೊಡುವುದು ಸರಳ ವಿಧಾನವಾದರೂ ಅದರ ಮಿತಿ ದೊಡ್ಡದು: ಹೊಟ್ಟೆಯಿಂದ ರಕ್ತಕ್ಕೆ ಸೇರುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದರಿಂದ ಪ್ರಮಾಣವನ್ನು ಕುರ್ಚಿಯ ಮೇಲೆ ಹೊಂದಿಸಲು ಬರುವುದಿಲ್ಲ, ಒಮ್ಮೆ ನುಂಗಿದ್ದನ್ನು ಹಿಂತೆಗೆಯಲೂ ಆಗದು. ಮದ್ಯ ಅಥವಾ ಇತರ ನಿದ್ರಾಜನಕಗಳೊಂದಿಗೆ ಸೇರಿದರೆ ಉಸಿರಾಟ ಕುಗ್ಗುವ ಅಪಾಯವಿರುವುದರಿಂದ, ಮನೆಯಲ್ಲಿ ಬೇರೆಯವರಿಗೆಂದು ಬರೆದುಕೊಟ್ಟ ಮಾತ್ರೆಯನ್ನು ಧೈರ್ಯಕ್ಕೆಂದು ತೆಗೆದುಕೊಳ್ಳುವುದು ಸರ್ವಥಾ ಸಲ್ಲದು. ಲೇಖಕಿಯ ಅನುಭವದಲ್ಲಿ ಮಾತ್ರೆಯ ನಿಜವಾದ ಉಪಯೋಗ ಕಂಡದ್ದು ಹಿಂದಿನ ರಾತ್ರಿ ನಿದ್ದೆ ಬರಿಸುವುದರಲ್ಲಿ.

ಎಲುಬಿನೊಳಗೆ ಅಡ್ಡಲಾಗಿ ಸಿಕ್ಕಿಕೊಂಡಿದ್ದ ಬುದ್ಧಿಹಲ್ಲನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಮಾತ್ರ ಅವರಿಗೆ ರಕ್ತನಾಳದ ಮೂಲಕ ಮಿಡಜೋಲಾಮ್ ನೀಡಲಾಯಿತು. ಇದನ್ನು ಅರಿವಳಿಕೆ ತಜ್ಞರು ಸ್ವಲ್ಪಸ್ವಲ್ಪವಾಗಿ ಕೊಡುತ್ತ ಪರಿಣಾಮವನ್ನು ನೋಡಿ ನಿಲ್ಲಿಸುತ್ತಾರೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ತೋರಿಸುತ್ತಿರುತ್ತದೆ, ಮದ್ದಿನ ಪರಿಣಾಮ ಅತಿಯಾದರೆ ಅದನ್ನು ತಿರುಗಿಸುವ ಫ್ಲೂಮಜೆನಿಲ್ ಕೈಯಳತೆಯಲ್ಲಿರಬೇಕು. ಘನ ಆಹಾರವನ್ನು ಆರು ಗಂಟೆ, ತಿಳಿನೀರನ್ನು ಎರಡು ಗಂಟೆ ಮೊದಲು ನಿಲ್ಲಿಸಲು ಸಾಮಾನ್ಯವಾಗಿ ಸೂಚಿಸುತ್ತಾರೆ. ಆ ದಿನ ಜೊತೆಗೊಬ್ಬರು ಇರಲೇಬೇಕು. ಮರುದಿನದವರೆಗೆ ವಾಹನ ಓಡಿಸುವುದು, ಒಲೆಯ ಮುಂದೆ ಒಬ್ಬರೇ ಕೆಲಸ ಮಾಡುವುದು, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕುವುದು ಕೂಡದು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಉಳ್ಳವರು ಅದನ್ನು ಮುಚ್ಚಿಡಬಾರದು.

ಮರೆವಿನ ಲಾಭ, ಮರೆವಿನ ನಷ್ಟ

ಮಿಡಜೋಲಾಮ್ ಕೊಟ್ಟ ನಂತರದ ಘಟನೆಗಳು ಬಹುಪಾಲು ನೆನಪಿನಲ್ಲಿ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ಉದ್ದಕ್ಕೂ ವೈದ್ಯರು ಹೇಳಿದಂತೆ ಬಾಯಿ ತೆರೆದು ಸಹಕರಿಸಿದ್ದ ಲೇಖಕಿಗೆ ಆಮೇಲೆ ಅದರ ನೆನಪು ಚೂರುಪಾರು ಮಾತ್ರ ಉಳಿಯಿತು. ಕಠಿಣ ಶಸ್ತ್ರಚಿಕಿತ್ಸೆಯೊಂದು ಇಷ್ಟು ಹಗುರವಾಗಿ ಮುಗಿದದ್ದು ದೊಡ್ಡ ವರವೇ ಸರಿ. ಆದರೆ ಮುಂದಿನ ಭೇಟಿಯ ದಿನ ಹತ್ತಿರವಾದಂತೆ ಹಳೆಯ ಭಯ ಕಿಂಚಿತ್ತೂ ಕುಗ್ಗದೆ ಮರಳಿತು. ನೋವಿಲ್ಲದೆ ಮುಗಿಯಿತೆಂಬ ಸಂಗತಿ ಬುದ್ಧಿಗೆ ಗೊತ್ತಿತ್ತು. ಅದನ್ನು ಅನುಭವವಾಗಿ ಪಡೆಯುವ ಅವಕಾಶವನ್ನು ಮರೆವು ಕಸಿದುಕೊಂಡಿತ್ತು. ಅನಿಲದ ನೆರವಿನಿಂದ ನಡೆದ ಚಿಕಿತ್ಸೆಗಳಲ್ಲಿ ಹಾಗಾಗಲಿಲ್ಲ: ಏನು ನಡೆಯಿತೆಂಬುದು ನೆನಪಿನಲ್ಲಿ ಉಳಿದು, ಪ್ರತಿಯೊಂದೂ ಮುಂದಿನದಕ್ಕೆ ಸಾಕ್ಷಿಯಾಯಿತು.

ಇದು ಒಬ್ಬರ ಅನುಭವ ಮಾತ್ರವಲ್ಲ. ಜರ್ಮನಿಯ ಥೋಮ್, ಸಾರ್ಟರಿ ಮತ್ತು ಯೋರೆನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ದಂತಭಯವುಳ್ಳ 50 ಮಂದಿಯಲ್ಲಿ ಕೆಲವರಿಗೆ ಒಂದೇ ಅವಧಿಯ ಮನಶ್ಶಾಸ್ತ್ರೀಯ ತರಬೇತಿಯನ್ನು, ಕೆಲವರಿಗೆ ಮಿಡಜೋಲಾಮ್ ವರ್ಗದ ಔಷಧವನ್ನು ನೀಡಲಾಗಿತ್ತು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಎರಡೂ ಗುಂಪುಗಳ ಭಯ ತಗ್ಗಿತ್ತು. ಆದರೆ ಔಷಧ ಪಡೆದವರಲ್ಲಿ ಅದು ವಾರದೊಳಗೆ ಮರಳಿತು. ತರಬೇತಿ ಪಡೆದವರಲ್ಲಿ ಶೇಕಡ 70ರಷ್ಟು ಮಂದಿ ದಂತಚಿಕಿತ್ಸೆಯನ್ನು ಮುಂದುವರಿಸಿದರೆ, ಔಷಧ ಪಡೆದವರಲ್ಲಿ ಮುಂದುವರಿಸಿದವರು ಶೇಕಡ 20ರಷ್ಟು ಮಾತ್ರ.

ಆದ್ದರಿಂದ ಲೇಖಕಿಗೆ ದೊರೆತ ಮುಖ್ಯ ಪಾಠವಿದು: ಸೆಡೇಶನ್ ಭಯದ ಪರಿಹಾರವಲ್ಲ, ಪರಿಹಾರ ಆರಂಭವಾಗಲು ಬೇಕಾದ ಅವಕಾಶ. ಆ ಅವಕಾಶದಲ್ಲಿ ಚಿಕಿತ್ಸೆ ನಡೆದು, ರೋಗಿ ಅದನ್ನು ಸಾಧ್ಯವಾದಷ್ಟು ಎಚ್ಚರದಿಂದ ಅನುಭವಿಸಿ, ಪ್ರತಿ ಭೇಟಿಯಲ್ಲೂ ಔಷಧದ ಪಾಲು ತುಸು ಕಡಿಮೆಯಾಗುತ್ತ ಹೋದರೆ ಭಯ ನಿಜವಾಗಿ ಸಡಿಲಗೊಳ್ಳುತ್ತದೆ. ದೀರ್ಘ ಶಸ್ತ್ರಚಿಕಿತ್ಸೆಗೆ ರಕ್ತನಾಳದ ಮೂಲಕ ಮಂಪರು, ರೂಟ್ ಕೆನಾಲಿಗೆ ಅನಿಲ, ಹಲ್ಲು ಶುಚಿಗೊಳಿಸಲು ಜೆಲ್ ಮಾತ್ರ ಎಂಬ ಕ್ರಮದಲ್ಲಿ ಲೇಖಕಿ ಇಳಿದುಬಂದರು. ಭಯ ಪೂರ್ತಿ ಅಳಿಯದಿದ್ದರೂ ಅದು ಚಿಕಿತ್ಸೆಯನ್ನು ತಡೆಯುವ ಶಕ್ತಿ ಕಳೆದುಕೊಂಡಿತು.

ಕೇಳಬೇಕಾದ ಪ್ರಶ್ನೆಗಳು

ಭೇಟಿಯ ಸಮಯ ಗೊತ್ತುಮಾಡುವಾಗಲೇ ಭಯವನ್ನು ಹೇಳಿಕೊಳ್ಳುವುದು, ಮೊದಲ ಭೇಟಿಯನ್ನು ಮಾತುಕತೆಗೆ ಮಾತ್ರ ಮೀಸಲಿಡುವಂತೆ ಕೋರುವುದು ಒಳ್ಳೆಯ ಆರಂಭ. ಔಷಧ ಕೊಡುವವರು ಯಾರು, ಚಿಕಿತ್ಸೆ ಮಾಡುವವರಲ್ಲದೆ ರೋಗಿಯ ಉಸಿರಾಟವನ್ನು ಗಮನಿಸಲು ಇನ್ನೊಬ್ಬರು ಇರುತ್ತಾರೆಯೇ, ಆಮ್ಲಜನಕ ಮತ್ತು ತುರ್ತು ಔಷಧಗಳು ಸಿದ್ಧವಿವೆಯೇ, ಸಣ್ಣ ವಿಧಾನದಿಂದ ಆರಂಭಿಸಬಹುದೇ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗದ ಕಡೆ ಸೆಡೇಶನ್ ಮಾಡಿಸಿಕೊಳ್ಳಬಾರದು. ಊರಿನ ಸಣ್ಣ ದಂತಚಿಕಿತ್ಸಾಲಯದಲ್ಲಿ ಈ ಸೌಲಭ್ಯವಿಲ್ಲದಿದ್ದರೆ ದಂತವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಬೆಂಗಳೂರಿನ ಸರ್ಕಾರಿ ದಂತ ಮಹಾವಿದ್ಯಾಲಯದಂತೆ ಮಣಿಪಾಲ, ದಾವಣಗೆರೆ, ಧಾರವಾಡಗಳಲ್ಲೂ ಕಾಲೇಜುಗಳಿವೆ.

ಭಯ ಹೋದ ಮೇಲೆ ಹೋಗೋಣವೆಂದು ಹಲ್ಲುನೋವನ್ನು ನುಂಗಿಕೊಂಡು ಕಾಯುತ್ತಿರುವವರಿಗೆ ಈ ಅನುಭವ ಹೇಳುವುದಿಷ್ಟು: ಭಯ ಇರುವಾಗಲೇ ಚಿಕಿತ್ಸೆ ಆರಂಭಿಸಲು ಸುರಕ್ಷಿತ ಮಾರ್ಗಗಳಿವೆ, ಅವುಗಳನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು, ಮತ್ತು ಕೇಳಿದವರನ್ನು ಗೇಲಿ ಮಾಡದೆ ಆಲಿಸಿ ದಾರಿ ತೋರಿಸುವುದು ವೈದ್ಯರಷ್ಟೇ ಮನೆಯವರ ಹೊಣೆಯೂ ಹೌದು.